ತಂತಿಗೂ ಬೇಕು ನೀರಗಂಟಿ

ಪೆಟ್ರೋಲಿನ ಮೋಟಾರು ಇಟ್ಟುಕೊಂಡ ಗೃಹಸ್ಥನು ಯಾವ ಹೊತ್ತಿನಲ್ಲಿ ಅದಕ್ಕೆ ಎಣ್ಣೆ ತುಂಬಿಸುತ್ತಾನೆ ಎಂಬುದು ನೆರೆಮನೆಯವರ ಚಿಂತೆಗೆ ಎಂದೂ ವಿಷಯವಾಗಿರಲಿಲ್ಲ. ಬೆಳಗಿನ ಜಾವ ತುಂಬಿಸಲಿ, ನಡು ಮಧ್ಯಾಹ್ನ ತುಂಬಿಸಲಿ, ಅದರಿಂದ ಪಕ್ಕದ ಮನೆಯ ದೀಪ ಮಂಕಾಗುವುದಿಲ್ಲ, ಎದುರು ಮನೆಯ ಪಂಖ ನಿಲ್ಲುವುದಿಲ್ಲ. ಎಂದೋ ನೆಲದಿಂದ ತೆಗೆದು, ಎಲ್ಲಿಯೋ ಸೋಸಿ, ಲಾರಿಯಲ್ಲಿ ತಂದು, ಬಂಕಿನ ನೆಲಮಾಳಿಗೆಯಲ್ಲಿ ಕೂಡಿಟ್ಟ ಪದಾರ್ಥ ಅದು. ಹಣ ಕೊಟ್ಟವನು ಕೊಂಡೊಯ್ದ. ವ್ಯವಹಾರ ಅಲ್ಲಿಗೆ ಮುಗಿಯಿತು.

ವಿದ್ಯುತ್ತಿನಿಂದ ಓಡುವ ವಾಹನ ಮನೆಗೆ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬ್ಯಾಟರಿಯ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಗಳಿಗೆಯಲ್ಲಿ ಗೃಹಸ್ಥನು ತನಗೆ ಅರಿವಿಲ್ಲದೆಯೇ ಒಂದು ದೊಡ್ಡ ಅವಿಭಕ್ತ ಕುಟುಂಬದ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕುಳಿತಂತಾಗುತ್ತದೆ. ಅಲ್ಲಿ ಬಡಿಸುವ ಅನ್ನ ಆ ಕ್ಷಣದಲ್ಲಿ ಬೆಂದದ್ದು. ಹಿಂದಿನ ದಿನ ಮಾಡಿಟ್ಟದ್ದಲ್ಲ. ಒಬ್ಬನು ಹೆಚ್ಚು ಕೇಳಿದರೆ ಒಲೆಯ ಉರಿಯನ್ನು ಆಗಲೇ ಹೆಚ್ಚಿಸಬೇಕು. ಆದ್ದರಿಂದ ಎಷ್ಟು ಉಂಡನೆಂಬುದಕ್ಕಿಂತ ಯಾವಾಗ ಉಂಡನೆಂಬುದೇ ಇಲ್ಲಿ ದೊಡ್ಡ ಪ್ರಶ್ನೆಯಾಗುತ್ತದೆ.

ಕನ್ನಡ ನಾಡಿಗೆ ವಿದ್ಯುಚ್ಛಕ್ತಿ ಹೊಸದೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿತು. ಅಲ್ಲಿಂದ ಸುಮಾರು 90 ಮೈಲಿಗಳ ದೂರ ಕಂಬಗಳ ಮೇಲೆ ಸಾಗಿದ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಲೋಕದಲ್ಲಿಯೇ ಅಪರೂಪವಾಗಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ವಿದ್ಯುತ್ ವಾಹನವೂ ಇದೇ ಊರಿನ ಕೂಸು ಎಂದರೆ ಅತಿಶಯೋಕ್ತಿಯಾಗದು. 2001ರಲ್ಲಿ ‘ರೇವಾ’ ಎಂಬ ಪುಟ್ಟ ಕಾರು ಬೆಂಗಳೂರಿನಿಂದಲೇ ಮಾರುಕಟ್ಟೆಗೆ ಬಂದಿತು. ಜನ ಅದನ್ನು ಆಟಿಕೆಯೆಂದು ನಕ್ಕರು. ಆದರೆ ನಕ್ಕವರ ಮನೆಯಂಗಳದಲ್ಲಿಯೇ ಇಂದು ವಿದ್ಯುತ್ ಸ್ಕೂಟರು ನಿಂತಿದೆ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದು ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ಬೆಂಗಳೂರಿನ ಸಾರಿಗೆ ಸಂಸ್ಥೆಯ ಸಾವಿರಕ್ಕೂ ಮಿಕ್ಕಿದ ಬಸ್ಸುಗಳು ಹೊಗೆಯಿಲ್ಲದೆ, ಸದ್ದಿಲ್ಲದೆ ಓಡಾಡುತ್ತಿವೆ. ಇದು ಸಂತೋಷದ ಸಂಗತಿ ಎಂಬುದರಲ್ಲಿ ಸಂದೇಹವಿಲ್ಲ. ಊರಿನ ಗಾಳಿ ಅಷ್ಟರಮಟ್ಟಿಗೆ ತಿಳಿಯಾಯಿತು. ಆದರೆ ಪ್ರತಿಯೊಂದು ಅನುಕೂಲಕ್ಕೂ ಅದರದೇ ಆದ ಒಂದು ಋಣವಿರುತ್ತದೆ. ಈ ಅನುಕೂಲದ ಋಣ ತಂತಿಯ ಮೇಲೆ ಬಿದ್ದಿದೆ.

ವಿದ್ಯುತ್ತಿನ ಸ್ವಭಾವವನ್ನು ತಿಳಿಯದೆ ಈ ಋಣದ ಪರಿಮಾಣ ತಿಳಿಯುವುದಿಲ್ಲ. ಭಾರತದ ಜಾಲದಲ್ಲಿ ಉತ್ಪಾದನಾ ಯಂತ್ರಗಳೆಲ್ಲ ಒಂದೇ ತಾಳಕ್ಕೆ ಹೆಜ್ಜೆಹಾಕುತ್ತವೆ. ವಿದ್ಯುತ್ತು ಸೆಕೆಂಡಿಗೆ 50 ಬಾರಿ ತನ್ನ ಆವರ್ತನವನ್ನು ಪೂರೈಸುತ್ತದೆ. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಹಿಂದೆ ಬಿದ್ದರೆ, ಏರು ಹತ್ತುವ ಗಾಡಿಯ ಎತ್ತುಗಳಂತೆ ಯಂತ್ರಗಳ ನಡೆ ಕುಂಠಿತವಾಗುತ್ತದೆ. ಬೇಡಿಕೆ ತಗ್ಗಿದರೆ ಇಳಿಜಾರಿನ ಗಾಡಿಯಂತೆ ಧಾವಿಸುತ್ತದೆ. ಈ ತಾಳ ಅತಿಯಾಗಿ ತಪ್ಪಿದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ತಾವೇ ಜಾಲದಿಂದ ಕಳಚಿಕೊಳ್ಳುತ್ತವೆ. ಆಗ ಉಳಿದವುಗಳ ಮೇಲೆ ಭಾರ ಇನ್ನಷ್ಟು ಬೀಳುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಸಂಭವಿಸಿದ ಮಹಾ ಕತ್ತಲೆಯಲ್ಲಿ, ಮಿತಿಮೀರಿದ ಭಾರ ಹೊತ್ತಿದ್ದ ಮಾರ್ಗವೊಂದು ಕಡಿದುಹೋದುದರ ಬೆನ್ನಲ್ಲೇ ಮೂರು ವಲಯಗಳ ಜಾಲ ಕುಸಿಯಿತು. ಎರಡನೆಯ ದಿನ ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ ಶಕ್ತಿ ನಿಂತಿತು. ಆಗ ದಕ್ಷಿಣದ ಜಾಲ ಉಳಿದ ದೇಶದೊಡನೆ ಒಂದೇ ತಾಳಕ್ಕೆ ಕೂಡಿರಲಿಲ್ಲವಾದ ಕಾರಣ ಕನ್ನಡ ನಾಡು ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ದಕ್ಷಿಣವೂ ಕೂಡಿಕೊಂಡಿತು. ಇಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಅಡಿಗೆಮನೆ, ಒಂದೇ ಪಂಕ್ತಿ.

ಹಾಗಾದರೆ ಈ ಹೊಸ ವಾಹನಗಳು ಅಡಿಗೆಮನೆಯನ್ನೇ ಬರಿದು ಮಾಡಿಬಿಡುತ್ತವೆಯೇ? ಹಲವರು ಹಾಗೆಂದು ಹೆದರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಭಯ ಬಹುಮಟ್ಟಿಗೆ ಕರಗುತ್ತದೆ. ಒಂದು ಸಾಧಾರಣ ವಿದ್ಯುತ್ ಕಾರು ಒಂದು ಕಿಲೋಮೀಟರು ಓಡಲು ಸುಮಾರು ಒಂದು ಯೂನಿಟ್ಟಿನ ಏಳನೆಯ ಒಂದು ಭಾಗದಷ್ಟು ಶಕ್ತಿಯನ್ನು ಬಳಸುತ್ತದೆ ಎನ್ನಬಹುದು. ದಿನಕ್ಕೆ 30 ಕಿಲೋಮೀಟರು ಓಡಿದರೆ ಸುಮಾರು ನಾಲ್ಕೂವರೆ ಯೂನಿಟ್ಟು. ಹತ್ತು ಲಕ್ಷ ಕಾರುಗಳು ಹೀಗೆ ಓಡುವುವೆಂದು ಇಟ್ಟುಕೊಂಡರೆ 45 ಲಕ್ಷ ಯೂನಿಟ್ಟು. ಈ ಶಕ್ತಿಯನ್ನು ದಿನದ 24 ಗಂಟೆಗಳಿಗೂ ಸಮನಾಗಿ ಹಂಚಿದರೆ ಬೇಕಾಗುವುದು 190 ಮೆಗಾವಾಟಿಗೂ ಕಡಮೆ. 2024ರ ಬೇಸಿಗೆಯಲ್ಲಿ ಕರ್ನಾಟಕದ ಬೇಡಿಕೆ 17,000 ಮೆಗಾವಾಟನ್ನು ಮೀರಿತ್ತು. ಅದರ ಮುಂದೆ ಇದು ಊಟದ ಜೊತೆಯ ಉಪ್ಪಿನಕಾಯಿ.

ಆದರೆ ಮನುಷ್ಯರು ಸಮನಾಗಿ ಹಂಚಿಕೊಂಡು ಬದುಕುವ ಪ್ರಾಣಿಗಳಲ್ಲವಷ್ಟೆ! ಕಚೇರಿಯಿಂದ ಸಂಜೆ ಏಳರ ಹೊತ್ತಿಗೆ ಮನೆಗೆ ಬಂದವನು, ಕಾಲಿನ ಪಾದರಕ್ಷೆಯನ್ನು ಬಿಡುವ ಮೊದಲೇ ಕಾರಿನ ತಂತಿಯನ್ನು ಸಿಕ್ಕಿಸಿ ಒಳಗೆ ಹೋಗುತ್ತಾನೆ. ಮನೆಯ ಸಾಧಾರಣ ಚಾರ್ಜರು ಎಳೆಯುವುದು 3.3 ಕಿಲೋವಾಟ್. ಅದೇ ಹತ್ತು ಲಕ್ಷ ಕಾರುಗಳು ಒಂದೇ ಗಳಿಗೆಯಲ್ಲಿ ಸಿಕ್ಕಿಕೊಂಡವೆನ್ನಿ. ಬೇಕಾಗುವುದು 3,300 ಮೆಗಾವಾಟ್. ಮೂವರಲ್ಲಿ ಒಬ್ಬನೇ ಸಿಕ್ಕಿಸಿದರೂ 1,100 ಮೆಗಾವಾಟ್. ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳೂ ಏಕಕಾಲಕ್ಕೆ ಪೂರ್ಣ ಬಲದಿಂದ ತಿರುಗಿದರೆ ದೊರೆಯುವುದು 1,035 ಮೆಗಾವಾಟ್ ಮಾತ್ರ! ಓಡಿದ ದೂರ ಅದೇ, ಉಂಡ ಯೂನಿಟ್ಟು ಅದೇ. ಹೊತ್ತೊಂದು ಬದಲಾದುದರಿಂದ ಉಪ್ಪಿನಕಾಯಿ ಹೋಗಿ ಒಂದು ಇಡೀ ನದಿಯೇ ಬೇಕಾಯಿತು. ಸೋಜಿಗವೆಂದರೆ, ಆ ಕಾರಿಗೆ ದಿನದ ಆಹಾರ ತುಂಬಲು ಬೇಕಾದುದು ಸುಮಾರು ಒಂದೂವರೆ ಗಂಟೆ; ಅದು ಮನೆಯ ಮುಂದೆ ನಿಂತಿರುವುದು ಹತ್ತು ಹನ್ನೆರಡು ಗಂಟೆ. ಅವಸರ ಕಾರಿಗಿಲ್ಲ, ಕಾರಿನ ಯಜಮಾನನ ಅಭ್ಯಾಸಕ್ಕೆ.

ದೊಡ್ಡ ಜಾಲದ ಮಾತು ಹಾಗಿರಲಿ. ಅದಕ್ಕೆ ಹಲವು ನದಿಗಳಿವೆ, ಕಲ್ಲಿದ್ದಲಿನ ಒಲೆಗಳಿವೆ, ಎಚ್ಚರದಿಂದ ಕುಳಿತಿರುವ ಎಂಜಿನಿಯರುಗಳಿದ್ದಾರೆ. ನಿಜವಾದ ಪರೀಕ್ಷೆ ನಡೆಯುವುದು ಬೀದಿಯ ಮೂಲೆಯಲ್ಲಿ. ಅಲ್ಲಿ ಎರಡು ಕಂಬಗಳ ನಡುವೆ, ಬೂದು ಬಣ್ಣದ ಉಕ್ಕಿನ ಪೆಟ್ಟಿಗೆಯೊಂದು ಸದಾ ಗುಂಯ್‌ಗುಡುತ್ತ ನಿಂತಿರುತ್ತದೆ. ಬರುವವರು ಹೋಗುವವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ; ಅದು ಸಿಡಿದ ದಿನ ಮಾತ್ರ ಬೀದಿಗೆ ಬೀದಿಯೇ ಅದರ ಸುತ್ತ ಸೇರುತ್ತದೆ. ಅದೇ ಟ್ರಾನ್ಸ್‌ಫಾರ್ಮರು. 11,000 ವೋಲ್ಟಿನ ಉಗ್ರ ಶಕ್ತಿಯನ್ನು ಮನೆಗಳು ಸಹಿಸುವಷ್ಟು ಸೌಮ್ಯಗೊಳಿಸುವುದು ಅದರ ಕೆಲಸ.

ನೂರು ಕೆವಿಎ ಸಾಮರ್ಥ್ಯದ ಅಂತಹ ಒಂದು ಪೆಟ್ಟಿಗೆ ಅರುವತ್ತು ಮನೆಗಳಿಗೆ ಸಾಲುತ್ತದೆಂದು ಇಟ್ಟುಕೊಳ್ಳಬಹುದು. ಪ್ರತಿಯೊಂದು ಮನೆಯಲ್ಲಿಯೂ ನೀರು ಕಾಯಿಸುವ, ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಸಲಕರಣೆಗಳೆಲ್ಲ ಇದ್ದರೂ ಅದು ಹೇಗೆ ಸಾಲುತ್ತದೆ? ಎಲ್ಲರೂ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಬಳಸುವುದಿಲ್ಲವೆಂಬ ನಂಬಿಕೆಯಿಂದ. ಮದುವೆಗೆ ಐನೂರು ಜನರನ್ನು ಕರೆದರೂ ಭೋಜನಶಾಲೆಯಲ್ಲಿ ನೂರು ಎಲೆಗಳಿಗೆ ಮಾತ್ರ ಸ್ಥಳವಿರುವುದು ಇದೇ ಧೈರ್ಯದಿಂದ ತಾನೆ? ಸಂಜೆಯ ಹೊತ್ತು ಮನೆಯೊಂದಕ್ಕೆ ಸುಮಾರು 1.2 ಕಿಲೋವಾಟಿನಂತೆ ಅರುವತ್ತು ಮನೆಗಳಿಗೆ 72 ಕಿಲೋವಾಟ್ ಆಯಿತು. ಅಲ್ಲಿಗೆ ಹತ್ತು ಕಾರುಗಳು ಬಂದು ಏಳು ಗಂಟೆಗೆ ಒಟ್ಟಾಗಿ ಸಿಕ್ಕಿಕೊಂಡರೆ ಇನ್ನೂ 33. ಪೆಟ್ಟಿಗೆ ಮಿತಿಯನ್ನು ಮೀರಿತು. ಅವುಗಳಲ್ಲಿ ಕೆಲವು ಏಳು ಕಿಲೋವಾಟಿನ ಅವಸರದ ಚಾರ್ಜರುಗಳಾದರೆ ಹೇಳುವುದೇ ಬೇಡ.

ಮಿತಿ ಮೀರಿದೊಡನೆ ಪೆಟ್ಟಿಗೆ ಸಿಡಿಯುವುದಿಲ್ಲ. ಅದು ಬಡವನ ಮನೆಯ ಹಿರಿಯನಂತೆ ಮೌನವಾಗಿ ಸಹಿಸುತ್ತದೆ. ಅದರೊಳಗಿನ ಸುರುಳಿಗಳಿಗೆ ಕಾಗದದ ಹೊದಿಕೆಯಿದೆ, ಸುತ್ತಲೂ ಎಣ್ಣೆ ತುಂಬಿದೆ. ಶಾಖ ಹೆಚ್ಚಿದಂತೆಲ್ಲ ಆ ಕಾಗದ ಜೀರ್ಣವಾಗುತ್ತ ಬರುತ್ತದೆ. ಒಂದು ಮಟ್ಟವನ್ನು ದಾಟಿದ ಮೇಲೆ ಶಾಖ ಪ್ರತಿ ಆರು ಡಿಗ್ರಿ ಏರಿದಾಗಲೂ ಕಾಗದ ಸವೆಯುವ ವೇಗ ಇಮ್ಮಡಿಯಾಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಮೊದಲೆಲ್ಲ ರಾತ್ರಿ ಹತ್ತರ ಮೇಲೆ ಊರು ಮಲಗಿದಾಗ ಪೆಟ್ಟಿಗೆಗೂ ವಿಶ್ರಾಂತಿ ದೊರೆಯುತ್ತಿತ್ತು, ಎಣ್ಣೆ ತಣಿಯುತ್ತಿತ್ತು. ಹತ್ತಾರು ವರ್ಷ ಬಾಳಬೇಕಾದ ಯಂತ್ರ ಎಣ್ಣೆ ತಣಿಯದೆ ಅಕಾಲದಲ್ಲಿ ಮುದಿಯಾದರೆ ಹೊಸದನ್ನು ತರುವ ಖರ್ಚು ಯಾರದು? ವಿತರಣಾ ಸಂಸ್ಥೆಯ ಖರ್ಚೆಲ್ಲ ಕಡೆಗೆ ದರದ ರೂಪದಲ್ಲಿ ಎಲ್ಲ ಮನೆಗಳಿಗೂ ಹಂಚಿಹೋಗುತ್ತದೆ. ಕಾರೂ ಇಲ್ಲದ, ಸ್ಕೂಟರೂ ಇಲ್ಲದ, ಎರಡು ದೀಪ ಒಂದು ಪಂಖ ಇಟ್ಟುಕೊಂಡು ಬದುಕುವ ಹಿತ್ತಿಲ ಮನೆಯ ವಿಧವೆಯೂ ಅದರಲ್ಲಿ ತನ್ನ ಪಾಲನ್ನು ತೆರುತ್ತಾಳೆ. ಕಾರಿನಲ್ಲಿ ಕುಳಿತವರು ಯಾರೋ, ಬಾಡಿಗೆ ಕೊಟ್ಟವರು ಯಾರೋ! ಈ ಅನ್ಯಾಯ ಯಾರ ದುರುದ್ದೇಶದಿಂದಲೂ ಆದುದಲ್ಲ. ಹೊತ್ತಿನ ಅರಿವಿಲ್ಲದುದರಿಂದ ಆದದ್ದು.

ಹೊತ್ತಿನ ಈ ಪ್ರಶ್ನೆ ಇಂದು ಹುಟ್ಟಿದ್ದೂ ಅಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ವಿದ್ಯುತ್ತಿನಿಂದ ಓಡುವಂಥವು. ಆ ಕಾಲದ ವಿದ್ಯುತ್ ಕಂಪೆನಿಗಳು ಅವುಗಳನ್ನು ಕಂಡು ಹೆದರಲಿಲ್ಲ. ಆರತಿ ಎತ್ತಿ ಬರಮಾಡಿಕೊಂಡವು. ಕಾರಣ ಸರಳ. ಸಂಜೆ ದೀಪಗಳಿಗಾಗಿ ಕಟ್ಟಿದ ಯಂತ್ರಗಳು ರಾತ್ರಿಯೆಲ್ಲ ಸುಮ್ಮನೆ ಕುಳಿತಿರುತ್ತಿದ್ದವು. ಆ ಬರಿದಾದ ಗಂಟೆಗಳಲ್ಲಿ ಬ್ಯಾಟರಿಗಳನ್ನು ತುಂಬಿಸಿದರೆ ಯಂತ್ರಕ್ಕೂ ಕೆಲಸ, ಕಂಪೆನಿಗೂ ಲಾಭ. ಯಂತ್ರವನ್ನು ಎಷ್ಟು ದೊಡ್ಡದು ಕಟ್ಟಿದೆವೆಂಬುದಕ್ಕಿಂತ ದಿನದಲ್ಲಿ ಎಷ್ಟು ಹೊತ್ತು ಅದಕ್ಕೆ ಕೆಲಸ ಕೊಟ್ಟೆವೆಂಬುದೇ ಮುಖ್ಯವೆಂದು ಚಿಕಾಗೋ ನಗರದ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ ಕಂಡುಕೊಂಡಿದ್ದ. ಮುಂದೆ ಪೆಟ್ರೋಲು ಅಗ್ಗವಾಗಿ, ಕೈಯಿಂದ ತಿರುಗಿಸದೆಯೇ ಎಂಜಿನನ್ನು ಹೊರಡಿಸುವ ಸಾಧನ 1912ರಲ್ಲಿ ಬಂದು, ವಿದ್ಯುತ್ ಮೋಟಾರು ಮೂಲೆಗುಂಪಾಯಿತು. ಅದರೊಡನೆ ಆ ವಿವೇಕವೂ ಮರೆತುಹೋಯಿತು.

ಇಂದು ಬರಿದಾದ ಗಂಟೆಗಳು ಸ್ವಲ್ಪ ಸ್ಥಳ ಬದಲಾಯಿಸಿವೆ. ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ತಾಲ್ಲೂಕು. ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ ಹರಡಿರುವ ಸೌರ ಫಲಕಗಳು 2,050 ಮೆಗಾವಾಟ್ ಸಾಮರ್ಥ್ಯದವು. ಮಳೆ ಬಾರದೆ ನೆಲವನ್ನು ಸುಟ್ಟ ಬಿಸಿಲೇ ಅಲ್ಲಿ ಬೆಳೆಯಾಯಿತು. ಆದರೆ ಸೂರ್ಯದೇವನು ಯಾರ ದಾಕ್ಷಿಣ್ಯಕ್ಕೂ ಕಟ್ಟುಬೀಳುವವನಲ್ಲ. ಸಂಜೆ ಆರಕ್ಕೆ ಅವನು ಹೊರಟೇ ಹೋಗುತ್ತಾನೆ. ಊರು ದೀಪ ಹಚ್ಚುವುದೂ, ಒಲೆ ಹೊತ್ತಿಸುವುದೂ ಅವನು ಹೋದ ಮೇಲೆಯೇ. ನಡುಹಗಲಿನಲ್ಲಿ ಬೇರೆ ಉತ್ಪಾದನೆಯ ಅಗತ್ಯ ಹೊಟ್ಟೆಯಂತೆ ಜೋತು, ಸಂಜೆ ಕತ್ತಿನಂತೆ ಸೆಟೆದು ಏರುವ ರೇಖೆಯನ್ನು 2013ರಲ್ಲಿ ಕ್ಯಾಲಿಫೋರ್ನಿಯದ ಜಾಲ ನಿರ್ವಾಹಕರು ಬರೆದು ತೋರಿಸಿದರು. ನೋಡಿದವರಿಗೆ ಅದು ಬಾತುಕೋಳಿಯಂತೆ ಕಂಡಿತು. ಅದೇ ಹೆಸರು ನಿಂತಿತು. ಸಂಜೆ ಏಳಕ್ಕೆ ಸಿಕ್ಕಿಸಿದ ಪ್ರತಿಯೊಂದು ವಾಹನವೂ ಆ ಕತ್ತನ್ನು ಇನ್ನಷ್ಟು ಉದ್ದ ಮಾಡುತ್ತದೆ. ಹಗಲು ಹನ್ನೆರಡಕ್ಕೆ ಸಿಕ್ಕಿಸಿದ್ದು ಹೊಟ್ಟೆಯನ್ನು ತುಂಬುತ್ತದೆ.

ಹಿಂದೆ ಕೆರೆಯ ಅಚ್ಚುಕಟ್ಟಿನ ಊರುಗಳಲ್ಲಿ ನೀರಗಂಟಿಯೆಂಬವನಿದ್ದ. ತೂಬೆತ್ತುವುದು, ಯಾರ ಗದ್ದೆಗೆ ಯಾವ ಜಾವದಲ್ಲಿ ನೀರು ಹರಿಯಬೇಕೆಂದು ಸರದಿ ಗೊತ್ತು ಮಾಡುವುದು ಅವನ ಕೆಲಸ. ಅವನು ಕೆರೆಗೆ ಒಂದು ಹನಿ ನೀರನ್ನೂ ಹೊಸದಾಗಿ ತರುತ್ತಿರಲಿಲ್ಲ. ಆದರೂ ಅವನಿದ್ದ ಊರಿನಲ್ಲಿ ಬಾಲದ ಗದ್ದೆಗೂ ನೀರು ಮುಟ್ಟುತ್ತಿತ್ತು. ಅವನಿಲ್ಲದಲ್ಲಿ ತೂಬಿನ ಬಳಿಯವರು ಮೊದಲು ಕಟ್ಟಿಕೊಂಡು ಬಾಲದವರು ಒಣಗುತ್ತಿದ್ದರು. ವಿದ್ಯುತ್ ವಾಹನಗಳ ಕಾಲಕ್ಕೆ ಬೇಕಾಗಿರುವವನೂ ಅಂತಹ ನೀರಗಂಟಿಯೇ.

ಅವನು ಇಂದು ಹಲವು ವೇಷಗಳಲ್ಲಿ ಬರುತ್ತಿದ್ದಾನೆ. ಒಂದು ವೇಷ ದರದ್ದು. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮಗಳು ಬಿಸಿಲಿನ ಗಂಟೆಗಳಿಗೆ ಕಡಮೆ ದರ, ನೂಕುನುಗ್ಗಲಿನ ಗಂಟೆಗಳಿಗೆ ಹೆಚ್ಚು ದರ ಎಂಬ ತತ್ತ್ವವನ್ನು ಸಾರಿದವು. 2024ರ ಮಾರ್ಗಸೂಚಿ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ಎಂದು ಅಂತರವನ್ನು ಸೂಚಿಸಿತು. ಇನ್ನೊಂದು ವೇಷ ಯಂತ್ರದ್ದು. ತಂತಿಯನ್ನು ಏಳಕ್ಕೇ ಸಿಕ್ಕಿಸಿದರೂ ಹನ್ನೊಂದರವರೆಗೆ ಕಾದು ತಾನಾಗಿ ಕೆಲಸ ಆರಂಭಿಸುವ ಗಡಿಯಾರ ಇಂದಿನ ಬಹಳ ಕಾರುಗಳಲ್ಲಿಯೇ ಇದೆ. 2024ರಲ್ಲಿ ಹೊಸದಾಗಿ ಮಾರಾಟವಾದ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನವಾಗಿದ್ದ ನಾರ್ವೆ ದೇಶದಲ್ಲಿ ಗಂಟೆಗಂಟೆಗೂ ವಿದ್ಯುತ್ತಿನ ಬೆಲೆ ಬದಲಾಗುತ್ತದೆ. ಅಗ್ಗದ ಗಂಟೆಗಾಗಿ ಕಾರುಗಳು ರಾತ್ರಿಯವರೆಗೆ ಕಾಯುವುದನ್ನು ಕಲಿತಿವೆ. ಮೂರನೆಯ ವೇಷ ಇನ್ನೂ ಸ್ವಾರಸ್ಯದ್ದು. ನಿಂತ ಕಾರು ಬೇಡುವುದಷ್ಟೇ ಏಕೆ, ಕಷ್ಟಕಾಲದಲ್ಲಿ ತನ್ನ ಬ್ಯಾಟರಿಯಿಂದ ಜಾಲಕ್ಕೆ ಸ್ವಲ್ಪ ಹಿಂದಿರುಗಿ ಕೊಡಬಾರದೇಕೆ ಎಂದು 1997ರಲ್ಲಿ ಅಮೆರಿಕದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರೆ ಎಂಬ ವಿದ್ವಾಂಸರು ಪ್ರಶ್ನಿಸಿದರು. ಕಡ ತಂದ ಸೇರಕ್ಕಿಯನ್ನು ನೆರೆಮನೆಗೆ ಹಿಂದಿರುಗಿಸುವ ಪದ್ಧತಿ ಇದ್ದ ನಾಡಿಗೆ ಈ ವಿಚಾರ ಅಪರಿಚಿತವೆನಿಸದು.

ಆದರೆ ಸರದಿ ಮಾಡುವಾಗ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮನೆಮನೆಗೆ ಊಟ ಮುಟ್ಟಿಸುವ ತರುಣನ ಸ್ಕೂಟರಿನ ಬ್ಯಾಟರಿ ಸಂಜೆ ಏಳಕ್ಕೆ ಬರಿದಾದರೆ ಅವನು ಮಧ್ಯರಾತ್ರಿಯವರೆಗೆ ಕಾಯಲಾರ. ಅವನ ದುಡಿಮೆಯ ಹೊತ್ತೇ ಅದು. ಬಾಡಿಗೆ ಆಟೋ ಓಡಿಸುವವನಿಗೂ ಹಾಗೆಯೇ. ಸ್ಕೂಟರಿನ ಚಾರ್ಜರು ಎಳೆಯುವುದಾದರೂ ಎಷ್ಟು? ಕಾರಿನದರ ಕಾಲುಭಾಗದಷ್ಟು ಮಾತ್ರ. ಕಾಯಬಲ್ಲವನು, ತನ್ನದೇ ಅಂಗಳವೂ ತನ್ನದೇ ಪ್ಲಗ್ಗೂ ಉಳ್ಳವನು, ಹೆಚ್ಚು ಎಳೆಯುವವನು. ಸರದಿಯಲ್ಲಿ ಹಿಂದೆ ಸರಿಯಬೇಕಾದವನು ಅವನೇ. ಕಚೇರಿಗಳು ತಮ್ಮ ವಾಹನ ನಿಲ್ದಾಣಗಳಲ್ಲಿ ಹಗಲಿನ ಚಾರ್ಜಿಗೆ ಅನುಕೂಲ ಮಾಡಿದರೆ, ಪಾವಗಡದ ಬಿಸಿಲು ಬೆಂಗಳೂರಿನ ಗುಮಾಸ್ತನ ಸ್ಕೂಟರಿಗೆ ನೇರವಾಗಿ ದೊರೆತಂತಾಗುತ್ತದೆ.

ಸರದಿಯ ಗೊಡವೆಯೇ ಬೇಡ, ಹಗಲಿನ ಶಕ್ತಿಯನ್ನು ಕೂಡಿಟ್ಟು ಸಂಜೆ ಕೊಟ್ಟರಾಯಿತು ಎನ್ನುವವರೂ ಉಂಟು. ಕೂಡಿಡಬಹುದು, ನಿಜ. ಶರಾವತಿ ಕಣಿವೆಯಲ್ಲಿ ಗೇರುಸೊಪ್ಪೆಯ ಜಲಾಶಯದಿಂದ ತಲಕಳಲೆಯ ಜಲಾಶಯಕ್ಕೆ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ ಸಿದ್ಧವಾಗಿರುವುದು ಇದೇ ಉದ್ದೇಶದಿಂದ. ಇಂತಹ ಯೋಜನೆಗಳಲ್ಲಿ ನೀರೆತ್ತಲು ನೂರು ಯೂನಿಟ್ಟು ಸುರಿದರೆ ಮರಳಿ ಬರುವುದು ಮುಕ್ಕಾಲು ಪಾಲಿನ ಆಸುಪಾಸು. ಅಷ್ಟೇ ಅಲ್ಲ, ಆ ಕಾಡು ಸಿಂಹಬಾಲದ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಸುರಂಗ ತೋಡಬೇಕು, ರಸ್ತೆ ಮಾಡಬೇಕು, ಮರ ಕಡಿಯಬೇಕು. ಮಲೆನಾಡಿನವರು ವಿರೋಧಿಸುತ್ತಿರುವುದು ಸುಮ್ಮನೆ ಅಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಎದ್ದುಹೋದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ನಾಡಿಗೆ ಬೆಳಕು ಬೇಕೆಂದಾಗ ಅವರು ಕೊಟ್ಟರು. ನಾಡಿನ ಕಾರುಗಳಿಗೆ ನಾಲ್ಕು ಗಂಟೆ ಕಾಯುವ ತಾಳ್ಮೆಯಿಲ್ಲವೆಂದು ಮತ್ತೊಮ್ಮೆ ಕೇಳುವುದು ಎಂತಹ ಮುಖದಿಂದ?

ಸಂಗ್ರಹವೇ ಬೇಡವೆಂದು ಇದರ ಅರ್ಥವಲ್ಲ. ಊರು ಬೆಳೆದಂತೆ ಹೊಸ ಟ್ರಾನ್ಸ್‌ಫಾರ್ಮರುಗಳೂ, ಹೊಸ ಮಾರ್ಗಗಳೂ, ಬ್ಯಾಟರಿಯ ಕಣಜಗಳೂ ಬೇಕಾಗುವುವು. ಆದರೆ ಅವುಗಳಲ್ಲಿ ಎಷ್ಟು ನಿಜವಾದ ಅಗತ್ಯಕ್ಕೆ, ಎಷ್ಟು ಬರಿಯ ಅಭ್ಯಾಸಕ್ಕೆ ಎಂದು ಬೇರ್ಪಡಿಸಿ ನೋಡುವ ಕೆಲಸ ಮೊದಲು ಆಗಬೇಕು. ಕೆರೆ ತುಂಬಿದ್ದಾಗಲೂ ನೀರಗಂಟಿಯನ್ನು ಹಿರಿಯರು ಮನೆಗೆ ಕಳುಹಿಸಲಿಲ್ಲ. ಇಂದು ಅವನ ಕೆಲಸದ ಅರ್ಧ ಭಾಗವನ್ನು ದರವೂ ಗಡಿಯಾರವೂ ಮಾಡುತ್ತವೆ. ಇನ್ನರ್ಧ ಉಳಿದಿರುವುದು, ಮಲಗುವ ಮುನ್ನ ಎದ್ದು ಹೋಗಿ ಗುಂಡಿ ಒತ್ತಿ ಬರುವಷ್ಟು ನೆರೆಹೊರೆಯ ನೆನಪಿರುವವರ ಕೈಯಲ್ಲಿ.